ಮುತ್ಯಾನ ಇಂಗ್ಲಿಷ್

ಮೊನ್ನೆ ಸಂಜೆ ಪಕ್ಕದ ಮನೆಯ ಹುಡುಗಿ ನಮ್ಮ ಕಟ್ಟೆಯ ಮೇಲೆ ಕೂತು ಮೊಬೈಲಿನಲ್ಲಿ ಏನೋ ನೋಡುತ್ತಿದ್ದಳು. ನಾನು ಒಳಗೆ ಜೋಳ ಹಸನು ಮಾಡುತ್ತಿದ್ದೆ. ಇದ್ದಕ್ಕಿದ್ದಂತೆ ಆ ದನಿ ಕೇಳಿತು. ಗಂಡಸಿನ ದನಿ, ಇಂಗ್ಲಿಷು. ಪೊದೆಯ ಆಚೆ ಯಾವುದೋ ಪ್ರಾಣಿ ಮಲಗಿದೆ, ಜೋರಾಗಿ ಮಾತಾಡಿದರೆ ಎದ್ದು ಹೋಗುತ್ತದೆ ಎಂಬಂತೆ ಉಸಿರು ಹಿಡಿದು ಪಿಸುಗುಟ್ಟುವ ದನಿ. ನನ್ನ ಕೈಯಲ್ಲಿ ಮೊರ ಹಾಗೇ ನಿಂತಿತು. ದನಿಯ ಹಿಂದೆಯೇ ಬಿಸಿ ತೌಡಿನ ವಾಸನೆ ಬಂತು. ಈಗ ನಾನಿರುವುದು ರಾಯಚೂರಿನಲ್ಲಿ, ನಮ್ಮ ಓಣಿಯಲ್ಲಿ ಅಕ್ಕಿ ಗಿರಣಿ ಯಾವುದೂ ಇಲ್ಲ. ಅದು ನಲವತ್ತು ವರ್ಷದ ಹಿಂದಿನ ಮಾನ್ವಿಯ ವಾಸನೆ. "ಭಾಳ ಹಳೇದಂತ ಟೀಚರ್ ಇದು. ಆದ್ರೂ ಒಮ್ಮೆ ಹಚ್ಚಿದ್ರ ಬಿಡಾಕ ಮನಸ್ಸ ಬರಂಗಿಲ್ಲ," ಎಂದಳು ಹುಡುಗಿ. ನಾನು ಹೂಂ ಅಂದೆ. ಆ ವಾಸನೆಯ ಜೊತೆ ಇನ್ನೊಂದು ಬಂದಿತ್ತು, ಅದನ್ನು ಅವಳಿಗೆ ಹೇಳಲಾಗಲಿಲ್ಲ. ಹೊಟ್ಟೆಕಿಚ್ಚು. ಐವತ್ತು ದಾಟಿದ ಹೆಂಗಸಿನ ಎದೆಯಲ್ಲಿ ಹನ್ನೆರಡು ವರ್ಷದ ಹುಡುಗಿಯ ಹೊಟ್ಟೆಕಿಚ್ಚು, ಸ್ವಲ್ಪವೂ ಆರದೆ ಹಾಗೆಯೇ ಇತ್ತು.

ನಾನು ಹುಟ್ಟಿದ ವರ್ಷವೇ ಅಪ್ಪ ತೀರಿಕೊಂಡಿದ್ದ. ಅವ್ವ ಬಸಣ್ಣ ಸಾಹುಕಾರರ ಗಿರಣಿಯಲ್ಲಿ ಭತ್ತ ಒಣಹಾಕುವ ಕೆಲಸಕ್ಕೆ ಹೋಗುತ್ತಿದ್ದಳು. ಮನೆಯಲ್ಲಿ ನಾನು ಮತ್ತು ಮುತ್ಯಾ, ಅಂದರೆ ಅವ್ವನ ಅಪ್ಪ. ಮುತ್ಯಾ ಒಂದು ಕಾಲಕ್ಕೆ ದೇವದುರ್ಗದಿಂದ ಟಪಾಲು ಚೀಲ ಹೊತ್ತು ಕೃಷ್ಣಾ ಹೊಳೆಯ ದಂಡೆಗುಂಟ ಗೂಗಲ್ ಎಂಬ ಊರಿನ ತನಕ ಹಳ್ಳಿ ಹಳ್ಳಿ ನಡೆದವನು. ನಡೆದೂ ನಡೆದೂ ಅವನ ಹಿಮ್ಮಡಿಗಳು ಒಣಗಿದ ಕೆರೆಯ ತಳದಂತೆ ಬಿರಿದಿದ್ದವು. ಹೊಳೆಯ ಮೊಸಳೆ, ಬಯಲಿನ ಜಿಂಕೆ, ಕುರುಚಲು ಗುಡ್ಡದ ತೋಳ, ಎಲ್ಲವನ್ನೂ ಅವನು ನೆಂಟರ ಸುದ್ದಿ ಹೇಳಿದಂತೆ ಹೇಳುತ್ತಿದ್ದ. ಅದರಲ್ಲಿ ತೋಳದ ಕಥೆ ನನ್ನದು. ಒಮ್ಮೆ ಒಂದು ಮುದಿ ತೋಳ ಅವನ ಜೊತೆ ಜೊತೆಗೇ ಮೂರು ಹರದಾರಿ ನಡೆದು ಬಂದಿತ್ತು. ಅವನು ನಿಂತರೆ ನಿಲ್ಲುತ್ತಿತ್ತು, ಕೂತರೆ ಕೂರುತ್ತಿತ್ತು. ಊರಿನ ಮೊದಲ ಮನೆ ಕಂಡ ಕೂಡಲೇ ಹಿಂದಿರುಗಿತು. "ಅದಕ್ಕೂ ಒಬ್ಬನ ನಡದು ಬ್ಯಾಸರಾಗಿತ್ತು. ಇದು ಯಾರಿಗೂ ಹೇಳಿಲ್ಲವ್ವ, ನಿನಗಷ್ಟ," ಎನ್ನುತ್ತಿದ್ದ. ನಾನು ಜ್ವರ ಬಂದು ಮಲಗಿದಾಗಲೆಲ್ಲ ಆ ಕಥೆಯನ್ನೇ ಕೇಳುತ್ತಿದ್ದೆ.

ನಿಮ್ಮ ಊರಲ್ಲೂ ಹೀಗೇ ಆಗಿರಬೇಕು, ಎಂಬತ್ತರ ದಶಕದಲ್ಲಿ ನಮ್ಮ ಭಾಗಕ್ಕೆ ಟೀವಿ ಬಂದಾಗ ಅದು ಮೊದಲು ಸಾಹುಕಾರರ ಮನೆಗೆ ಬಂತು. ಗಿರಣಿಯ ಪಕ್ಕದ ದೊಡ್ಡ ಪಡಸಾಲೆಯಲ್ಲಿ ಮರದ ಪೆಟ್ಟಿಗೆಯೊಳಗೆ ಅದನ್ನು ಇಟ್ಟಿದ್ದರು. ಮನೆಯವರು ಮುಂದೆ ಜಮಖಾನೆಯ ಮೇಲೆ, ಓಣಿಯವರು ಹಿಂದೆ, ಗಿರಣಿಯ ಕೂಲಿಯವರು ಹೊಸ್ತಿಲ ಹೊರಗೆ. ಯಾರೂ ಹೇಳಿಕೊಡದೆಯೇ ಎಲ್ಲರಿಗೂ ತಮ್ಮ ಜಾಗ ಗೊತ್ತಿತ್ತು. ನಾನು ಮತ್ತು ಮುತ್ಯಾ ಹೊಸ್ತಿಲಿಗೆ ಆತು ಕೂರುತ್ತಿದ್ದೆವು. ಮುತ್ಯಾ ನಿಜಾಮನ ಕಾಲದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆ ತನಕ ಉರ್ದು ಕಲಿತವನು. ಹಿಂದಿ ವಾರ್ತೆ ಬಂದಾಗ ಸಾಹುಕಾರರು ಹಿಂದೆ ತಿರುಗಿ, "ಏನಂತೋ ಟಪಾಲು ಮಲ್ಲಪ್ಪ?" ಎಂದು ಕೇಳುತ್ತಿದ್ದರು, ಅವನು ಕನ್ನಡದಲ್ಲಿ ಹೇಳುತ್ತಿದ್ದ. ಹೀಗಾಗಿ ರವಿವಾರ ಸಂಜೆ ಆ ಕಾಡುಪ್ರಾಣಿಗಳ ಕಾರ್ಯಕ್ರಮ ಶುರುವಾದಾಗಲೂ ಎಲ್ಲರೂ ಅವನ ಕಡೆ ತಿರುಗಿದರು. ಅದು ಇಂಗ್ಲಿಷು, ಮೊನ್ನೆ ಮೊಬೈಲಿನಲ್ಲಿ ಕೇಳಿದ ಅದೇ ದನಿ. ಆದರೆ ಅಲ್ಲಿದ್ದವರಿಗೆ ತಿಳಿಯದ ಭಾಷೆಯೆಲ್ಲ ಒಂದೇ.

ತೆರೆಯ ಮೇಲೆ ಮೊಸಳೆಯೊಂದು ತನ್ನ ಮರಿಗಳನ್ನು ಬಾಯೊಳಗೆ ಎತ್ತಿಕೊಳ್ಳುತ್ತಿತ್ತು. ಹೆಂಗಸರು ಅಯ್ಯೋ ಎಂದು ಮುಖ ಮುಚ್ಚಿಕೊಂಡರು. ಮುತ್ಯಾ ನನ್ನ ಮೊಣಕಾಲು ಮೆಲ್ಲಗೆ ಚಿವುಟಿದ. "ತಿನ್ನಾಕತ್ತಿಲ್ರಿ ಅದು," ಎಂದ. "ಮರಿಗೋಳ್ನ ನೀರಿಗೆ ಒಯ್ಯಾಕತ್ತದ. ಅಷ್ಟು ಹಲ್ಲಿದ್ರೂ ಮರಿಗೆ ಒಂದೂ ಚುಚ್ಚಂಗಿಲ್ಲ ಅಂತ ಹೇಳಾಕತ್ತಾನ ಅವ." ಪಡಸಾಲೆಗೆ ಪಡಸಾಲೆಯೇ ಉಸಿರು ಬಿಟ್ಟಿತು. ಮುತ್ಯಾಗೆ ಇಂಗ್ಲಿಷಿನ ಒಂದಕ್ಷರವೂ ಬರುವುದಿಲ್ಲವೆಂದು ಅಲ್ಲಿ ಗೊತ್ತಿದ್ದದ್ದು ನನಗೊಬ್ಬಳಿಗೇ. ಆ ಚಿವುಟು ನಮ್ಮಿಬ್ಬರ ಗುಟ್ಟು. ಆ ರವಿವಾರ ನಾನು ಮಾನ್ವಿಯಲ್ಲೇ ಎಲ್ಲರಿಗಿಂತ ಸಿರಿವಂತಳಾಗಿದ್ದೆ.

ಅಲ್ಲಿಂದ ಮುಂದೆ ರವಿವಾರ ಬಂದರೆ ಜನ ಊಟ ಬಿಟ್ಟು ಬರುತ್ತಿದ್ದರು. ಆನೆ ಬಂದರೆ ಮುತ್ಯಾ ಆನೆಯಂತೆ ನಿಧಾನ ಮಾತಾಡುತ್ತಿದ್ದ, ಹಕ್ಕಿ ಬಂದರೆ ಮಾತು ಪಟಪಟ ಓಡುತ್ತಿತ್ತು. ಹಿಮದ ಮೇಲೆ ತೊನೆದಾಡುವ ಹಕ್ಕಿಗಳು ಬಂದ ದಿನ ಮಾತ್ರ, "ಇವು ನಮ್ಮ ಕಡೀವಲ್ಲ, ಅವನೂ ಭಾಳ ಹೇಳವಲ್ಲ," ಎಂದು ತಪ್ಪಿಸಿಕೊಂಡ. ಮೂರನೆಯದೋ ನಾಲ್ಕನೆಯದೋ ವಾರ ಸಾಹುಕಾರರ ಮಗಳು ಶೈಲಾ, ನನ್ನದೇ ವಯಸ್ಸಿನವಳು, ಎದ್ದು ಬಂದು, "ಮುತ್ಯಾ, ಒಳಗ ಬರ್ರಿ. ನನಗ ಕೇಳಂಗಿಲ್ಲ," ಎಂದಳು. ತನ್ನ ಪಕ್ಕದಲ್ಲಿ ಒಂದು ಕುರ್ಚಿ ಹಾಕಿಸಿದಳು. ಗಿರಣಿಯ ಕೂಲಿಯವಳ ಅಪ್ಪ ಸಾಹುಕಾರರ ಪಡಸಾಲೆಯಲ್ಲಿ ಕುರ್ಚಿಯ ಮೇಲೆ ಕೂತ. ಅವ್ವನ ಕಣ್ಣು ತುಂಬಿ ಬಂತು. ನಾನು ಹೊಸ್ತಿಲಲ್ಲೇ ಉಳಿದೆ. ನನ್ನನ್ನು ಯಾರೂ ಕರೆಯಲಿಲ್ಲ, ಮುತ್ಯಾ ಕೂಡ.

ಶೈಲಾಳ ಮೇಲೆ ಸಿಟ್ಟಾಗಲು ಬೇರೆ ಕಾರಣವೇ ಇರಲಿಲ್ಲ. ಅವಳು ಒಳ್ಳೆಯವಳು. ಅದೇ ನನಗೆ ಇನ್ನಷ್ಟು ಉರಿ ತರುತ್ತಿತ್ತು. ಅವಳ ಎರಡು ಜಡೆ, ಜಡೆಯ ಕೆಂಪು ರಿಬ್ಬನ್ನು, ಅವಳು ಪ್ರಶ್ನೆ ಕೇಳುವಾಗ ಮುತ್ಯಾನ ತೋಳಿಗೆ ಕೈ ಹಚ್ಚುವ ರೀತಿ, ಎಲ್ಲವನ್ನೂ ಹಿಂದಿನಿಂದ ನೋಡುತ್ತಿದ್ದೆ. ಟೀವಿ ನೋಡುವುದನ್ನೇ ಬಿಟ್ಟಿದ್ದೆ. ಅವರಿಬ್ಬರ ಬೆನ್ನೇ ನನ್ನ ಕಾರ್ಯಕ್ರಮವಾಗಿತ್ತು. ಮನೆಗೆ ನಡೆಯುವಾಗ ಮುತ್ಯಾ, "ಆ ಹುಡುಗಿ ಭಾಳ ಶಾಣ್ಯಾಕಿ," ಎಂದರೆ ನಾನು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದೆ.

ಒಂದು ರವಿವಾರ ತೋಳಗಳು ಬಂದವು. ಬೂದು ಬಣ್ಣದವು, ಹುಲ್ಲಿನ ಬಯಲಲ್ಲಿ ಸಾಲಾಗಿ ಓಡುತ್ತಿದ್ದವು. ಸಾಲಿನ ಕೊನೆಗೆ ಒಂದು ಕುಂಟುತ್ತಿತ್ತು. "ಅದು ಯಾಕ ಹಿಂದ ಉಳದದ, ಮುತ್ಯಾ?" ಎಂದಳು ಶೈಲಾ. ಮುತ್ಯಾ ಅವಳ ಕಡೆ ಬಾಗಿದ. "ಅದಕ್ಕ ವಯಸ್ಸಾಗ್ಯದವ್ವ. ಒಮ್ಮೆ ಇಂಥ ಮುದಿ ತೋಳ ಒಬ್ಬ ಮನಿಷ್ಯಾನ ಜೋಡಿ ಮೂರು ಹರದಾರಿ ನಡೀತಂತ. ಅವ ನಿಂತ್ರ ನಿಲ್ಲೋದಂತ, ಕುಂತ್ರ ಕುಂದ್ರೋದಂತ." ನನ್ನ ಜ್ವರದ ಕಥೆ ಅದು. ಯಾರಿಗೂ ಹೇಳಿಲ್ಲದ್ದು. ಪಡಸಾಲೆ ತುಂಬ ಜನ, ಶೈಲಾಳ ಬಾಯಿ ಅರೆ ತೆರೆದಿತ್ತು. ನಾನು ಎದ್ದು ನಿಂತಿದ್ದು ನನಗೇ ಗೊತ್ತಾಗಲಿಲ್ಲ.

"ಸುಳ್ಳು," ಎಂದೆ. "ಮುತ್ಯಾಗ ಇಂಗ್ಲಿಷ್ ಬರಂಗಿಲ್ಲ. ಅವನ ಗುಳಿಗಿ ಚೀಟಿನೂ ನಾನ ಓದಿ ಹೇಳ್ತೀನಿ. ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳು."

ಹಿಂದೆ ಯಾರೋ ಕಿಸಕ್ಕೆಂದು ನಕ್ಕರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಸಾಹುಕಾರರು, "ಹೌದೇನೋ ಮಲ್ಲಪ್ಪ?" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮುತ್ಯಾ ಕುರ್ಚಿಯಿಂದ ಎದ್ದ. "ಹೌದ್ರಿ ಸಾಹುಕಾರ್ರ," ಎಂದ. "ಅವನ ಮಾತು ನನಗ ಬರಂಗಿಲ್ಲ. ಪ್ರಾಣಿ ಅಷ್ಟ ಗೊತ್ತದಾವ." ನಂತರ ಜನರ ನಡುವೆ ದಾರಿ ಮಾಡಿಕೊಂಡು ಬಂದು ಹೊಸ್ತಿಲಲ್ಲಿ, ನನ್ನ ಪಕ್ಕದಲ್ಲಿ, ಮೊದಲಿನ ಜಾಗದಲ್ಲೇ ಕೂತ. ನಾನೂ ಕೂತೆ. ಅವನ ಹೆಗಲು ನನ್ನ ಹೆಗಲಿಗೆ ತಾಗುತ್ತಿತ್ತು. ಅಷ್ಟು ವಾರ ನಾನು ಬಯಸಿದ್ದು ಅದನ್ನೇ. ಇಂಗ್ಲಿಷಿನ ಆ ದನಿ ಒಂದೇ ಪಿಸುಗುಟ್ಟುತ್ತ ಇತ್ತು, ನಾನು ನೆಲ ನೋಡುತ್ತ ಕೂತಿದ್ದೆ.

ಮನೆಗೆ ಹೋಗುವಾಗ ಅವನು ಬೈಯಲಿಲ್ಲ. ಅವ್ವ ಬೈದಳು, ಎರಡು ದಿನ ಮಾತು ಬಿಟ್ಟಳು. ಮುಂದಿನ ರವಿವಾರ ಮುತ್ಯಾ ಗಿರಣಿಗೆ ಹೋಗಲಿಲ್ಲ. ನಾನೂ ಹೋಗಲಿಲ್ಲ. ಈಗಾದರೂ ಅವನು ನನ್ನವನಾದ ಎಂದುಕೊಂಡೆ. ಕಾರ್ಯಕ್ರಮ ಮುಗಿದ ಸ್ವಲ್ಪ ಹೊತ್ತಿಗೆ ನಮ್ಮ ಓಣಿಗೆ ಶೈಲಾ ಬಂದಳು. ಸಾಹುಕಾರರ ಮನೆಯ ಹೆಣ್ಣುಮಕ್ಕಳು ಆ ಕಡೆ ಕಾಲಿಟ್ಟಿದ್ದನ್ನು ಯಾರೂ ಕಂಡಿರಲಿಲ್ಲ. ಬಂದವಳೇ ಮುತ್ಯಾನ ಹಗ್ಗದ ಹೊರಸಿನ ಪಕ್ಕ ನೆಲದ ಮೇಲೆ ಕೂತಳು. "ಇವತ್ತ ಒಂದು ಕರಡಿ ತೋರ್ಸಿದ್ರು ಮುತ್ಯಾ. ಮರ ಹತ್ತಿ ಜೇನು ಕಿತ್ತು, ಆಮ್ಯಾಲ ತಿನ್ಲಿಲ್ಲ, ಸುಮ್ನ ಕುಂತುಬಿಡ್ತು. ಯಾಕ?" ಎಂದಳು. ಮುತ್ಯಾ ಹೇಳತೊಡಗಿದ. ನಾನು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ, ಅವರ ಮಾತು ಕಿವಿಗೆ ಬೀಳಬಾರದೆಂದು ಒಂದಕ್ಕೊಂದು ಬಡಿದು ತೊಳೆದೆ. ಅವಳು ಮತ್ತೆ ಮುಂದಿನ ವಾರ ಬಂದಳು, ಅದರ ಮುಂದಿನ ವಾರವೂ. "ಬಾರವ್ವ, ನೀನೂ ಕುಂದ್ರು," ಎಂದು ಮುತ್ಯಾ ಪ್ರತಿ ಸಲ ಕರೆಯುತ್ತಿದ್ದ. ನಾನು ಒಮ್ಮೆಯೂ ಕೂರಲಿಲ್ಲ.

ನಾನು ಓದಲು ರಾಯಚೂರಿನ ಹಾಸ್ಟೆಲಿಗೆ ಹೋದ ಎರಡನೆಯ ವರ್ಷ ಮುತ್ಯಾ ತೀರಿಕೊಂಡ. ನಾನು ಊರು ಮುಟ್ಟುವಷ್ಟರಲ್ಲಿ ಶೈಲಾ ಅಲ್ಲಿದ್ದಳು. ಕೊನೆಯ ಗುಟುಕು ನೀರು ಹಾಕಿದ್ದು ಅವಳೇ ಎಂದು ಅವ್ವ ಹೇಳಿದಳು. ಅಳುವಿನ ನಡುವೆಯೂ ನನಗೆ ಮೊದಲು ಆದದ್ದು ಹೊಟ್ಟೆಕಿಚ್ಚೇ. ಮುಂದೆ ನಾನು ಇಂಗ್ಲಿಷ್ ಕಲಿಸುವ ಶಿಕ್ಷಕಿಯಾದೆ. ಆ ಸರಣಿಯ ಸೀಡಿಗಳನ್ನು ತಂದು ಒಂದೊಂದಾಗಿ ನೋಡಿದೆ. ಮೊಸಳೆಯ ವಿಷಯದಲ್ಲಿ ಆ ದನಿ ಮುತ್ಯಾ ಹೇಳಿದ್ದನ್ನೇ ಹೇಳುತ್ತಿತ್ತು. ತೋಳಗಳ ವಿಷಯದಲ್ಲಿ ಬೇರೇನೋ ಹೇಳುತ್ತಿತ್ತು. ಎಲ್ಲವೂ ನನಗೆ ತಿಳಿಯುತ್ತಿತ್ತು, ಒಂದು ಮಾತೂ ಬಿಡದೆ. ಆದರೆ ಸಂಜೆಯ ಹೊತ್ತು ಒಬ್ಬಳೇ ಕೂತು ನೋಡುವಾಗ, ತಿಳಿಯದೆ ಕೂತಿದ್ದ ಆ ಪಡಸಾಲೆಯ ಜನ ನನಗಿಂತ ಹೆಚ್ಚು ಕಂಡಿದ್ದರು ಅನ್ನಿಸುತ್ತಿತ್ತು.

ಹೋದ ವರ್ಷ ಸಿರವಾರದಲ್ಲಿ ಒಂದು ಮದುವೆಗೆ ಹೋದಾಗ ಶೈಲಾ ಸಿಕ್ಕಳು. ಅವಳನ್ನು ಅದೇ ಊರಿಗೆ ಕೊಟ್ಟಿದ್ದರು. ಕೂದಲು ನೆರೆತಿತ್ತು, ತೊಡೆಯ ಮೇಲೆ ಮಗಳ ಮಗಳಿದ್ದಳು. ನನ್ನ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡಳು. "ನೀ ಸಿಕ್ಕಿದ್ದು ಚಲೋ ಆತು. ಮುತ್ಯಾ ಒಂದು ನೀರುನಾಯಿ ಕಥಿ ಹೇಳ್ತಿದ್ನಲ್ಲ, ದಿನಾ ಒಂದು ಮೀನು ತಂದು ಗೂಗಲ್ ದಂಡಿ ಮ್ಯಾಲ ಇಟ್ಟು ಹೋಗ್ತಿತ್ತಲ್ಲ, ಅದು. ಈಕಿಗೆ ಅರ್ಧ ಹೇಳೀನಿ. ಮುಂದಿಂದು ನೆನಪಿಲ್ಲ. ಆ ಮೀನು ಯಾರಿಗೆ ಇಡ್ತಿತ್ತು?"

ಆ ಕಥೆ ನಾನು ಕೇಳಿಯೇ ಇರಲಿಲ್ಲ. ಹಾಗೆ ಹೇಳಬಹುದಿತ್ತು. "ನನಗೂ ಮರ್ತದ," ಎಂದೆ. ಅವಳ ಮುಖ ಬಾಡಿತು. "ನೆನಪಾದ್ರ ಹೇಳವಾ," ಎಂದು ನನ್ನ ನಂಬರು ಬರೆದುಕೊಂಡಳು. ಅಂದಿನಿಂದ ಎರಡು ಮೂರು ತಿಂಗಳಿಗೊಮ್ಮೆ ಫೋನು ಮಾಡುತ್ತಾಳೆ. ಮನೆ, ಮಕ್ಕಳು, ಮಳೆ ಎಲ್ಲ ಆದ ಮೇಲೆ, "ನೆನಪಾತೇನು?" ಎಂದು ಕೇಳುತ್ತಾಳೆ. ಇನ್ನೂ ಇಲ್ಲ ಅನ್ನುತ್ತೇನೆ. ಮುತ್ಯಾನ ಬಗ್ಗೆ ನನ್ನನ್ನು ಏನಾದರೂ ಕೇಳುವವರು ಈಗ ಅವಳೊಬ್ಬಳೇ ಉಳಿದಿದ್ದಾಳೆ.