ಫೋಟೋ ಜುಂಜಣ್ಣ

ಮೊಳಕಾಲ್ಮೂರು ಸೀಮೆಯ ಸಿದ್ದಾಪುರದಲ್ಲಿ ಕುರಿ ಕಾಯುವ ಜುಂಜಣ್ಣನಿಗೆ ಈಗ ಅರವತ್ತೇಳು. ಮೂರು ಹೆಣ್ಣುಮಕ್ಕಳ ಮದುವೆ ಮಾಡಿದ್ದಾನೆ, ಒಮ್ಮೆ ಕರಡಿಯ ಕೈಯಿಂದ ತಪ್ಪಿಸಿಕೊಂಡು ಬಂದಿದ್ದಾನೆ. ಇವನ್ನೆಲ್ಲ ಅವನು ಯಾರ ಮುಂದೆಯೂ ಹೇಳಿಕೊಳ್ಳುವುದಿಲ್ಲ. ಹೇಳುವುದು ಒಂದೇ ಕಥೆ: ಇಪ್ಪತ್ತೈದರ ಹರೆಯದಲ್ಲಿ, ಬ್ರಹ್ಮಗಿರಿಯ ಬಂಡೆಗಳ ಹತ್ತಿರ, ಬೆಂಗಳೂರಿನ ಪತ್ರಿಕೆಯವರು ಮೊಳಕಾಲ್ಮೂರು ರೇಷ್ಮೆ ಸೀರೆ ಉಟ್ಟ ಹುಡುಗಿಯೊಬ್ಬಳ ಜೊತೆ ತನ್ನ ಫೋಟೋ ತೆಗೆದರು ಎಂಬುದು. ಪತ್ರಿಕೆ ಕಳಿಸುತ್ತೇವೆ ಎಂದವರು ಕಳಿಸಲೇ ಇಲ್ಲ. ಊರು ಅವನ ಮಾತು ನಂಬಲಿಲ್ಲ; ನಂಬದಿದ್ದರೂ ‘ಫೋಟೋ ಜುಂಜಣ್ಣ’ ಎಂದು ಹೆಸರಿಟ್ಟಿತು.

ತಪ್ಪು ಪೂರ್ತಿ ಊರಿನದೂ ಅಲ್ಲ ಬಿಡಿ. ಮೊದಲ ವರ್ಷ ಅವನ ಕಥೆಯಲ್ಲಿ ಆ ಹುಡುಗಿ ಅವನಿಂದ ಹತ್ತು ಮಾರು ದೂರದಲ್ಲಿ ನಿಂತಿದ್ದಳು. ಹತ್ತು ವರ್ಷ ಕಳೆಯುವುದರೊಳಗೆ ಪಕ್ಕಕ್ಕೆ ಬಂದಳು. ಈಚೆಗಂತೂ ಅವನ ಹೆಗಲ ಮೇಲೆ ಕೈಯನ್ನೇ ಇಟ್ಟಿದ್ದಳು.

“ಇನ್ನೆರಡು ವರ್ಷ ತಡೀರಿ, ಇವ್ರು ಆಯಮ್ಮನಿಗೆ ತಾಳಿನೂ ಕಟ್ಟೇಬಿಡ್ತಾರೆ,” ಎನ್ನುತ್ತಿದ್ದಳು ಹೆಂಡತಿ ಕರಿಯಕ್ಕ.

ಹೀಗಿರುವಾಗ ಚಳ್ಳಕೆರೆಯಲ್ಲಿ ಹಳೇ ಪತ್ರಿಕೆಗಳ ಫ್ಯಾಷನ್ ಫೋಟೋಗಳ ಪ್ರದರ್ಶನ ನಡೆಯುತ್ತದೆ, ಅದರಲ್ಲಿ ಬ್ರಹ್ಮಗಿರಿಯಲ್ಲಿ ತೆಗೆದ ಚಿತ್ರವೂ ಇದೆ ಎಂಬ ಸುದ್ದಿ ಬಂತು. ಜುಂಜಣ್ಣನಿಗೆ ಅನ್ನ ಸೇರಲಿಲ್ಲ. ಕರಿಯಕ್ಕನನ್ನು ಹೊರಡಿಸಿದ. ಸಾಲದೆಂದು ಪಕ್ಕದ ಹಟ್ಟಿಯ ಗಾದ್ರಪ್ಪನನ್ನೂ ಕರೆದ. ಗಾದ್ರಪ್ಪನೂ ಕುರಿಯವನೇ, ಹಳೇ ಗೆಳೆಯನೇ. ಆದರೆ ಆ ಕಥೆಗೆ ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನೂ ಅವನೇ. ಅವನ ಬಾಯಿ ಮುಚ್ಚಿಸದೆ ಜುಂಜಣ್ಣನಿಗೆ ಸಮಾಧಾನವಿರಲಿಲ್ಲ.

ಪ್ರದರ್ಶನದ ಹಾಲ್‌ನ ಗೋಡೆಗಳ ತುಂಬ ಕಪ್ಪುಬಿಳುಪಿನ ಚೆಲುವೆಯರು, ಬುಟ್ಟಿಯಷ್ಟು ದೊಡ್ಡ ತುರುಬು ಹೊತ್ತವರು, ಮುಖಕ್ಕಿಂತ ಅಗಲದ ಕನ್ನಡಕ ಹಾಕಿದವರು. ಬೆಲ್‌ಬಾಟಂ ತೊಟ್ಟ ಗಂಡಸೊಬ್ಬನನ್ನು ನೋಡಿ ಗಾದ್ರಪ್ಪ, “ಇವ್ನು ನಡ್ಕೊಂಡು ಹೋದ್ರೆ ಸಾಕು, ಬೀದಿ ಗುಡ್ಸಿದಂಗಾತೈತೆ,” ಎಂದ. ಜುಂಜಣ್ಣ ಇದ್ಯಾವುದನ್ನೂ ನೋಡದೆ ಓಡಿದ. ಕೊನೆಯ ಗೋಡೆಯಲ್ಲಿ ಅದು ಸಿಕ್ಕಿತು.

ಆಳೆತ್ತರಕ್ಕೆ ದೊಡ್ಡದು ಮಾಡಿದ ಚಿತ್ರದ ತುಂಬ ಆ ಹುಡುಗಿ, ಅವಳ ಸೀರೆ. ಹಿಂದೆ, ಹತ್ತು ಮಾರು ದೂರದಲ್ಲಿ, ಕಂಬಳಿಯ ಕೊಪ್ಪೆ ಹಾಕಿಕೊಂಡ ಕುರಿಗಾಹಿ. ಕೊಪ್ಪೆ ಮುಖವನ್ನೆಲ್ಲ ನುಂಗಿ ಮೂಗಿನ ತುದಿಯನ್ನಷ್ಟೇ ಬಿಟ್ಟಿತ್ತು. ಪಕ್ಕದಲ್ಲಿ ಒಂದು ಕುರಿ, ಹುಡುಗಿಗಿಂತ ಚೆನ್ನಾಗಿ ಕ್ಯಾಮೆರಾ ನೋಡುತ್ತಿತ್ತು. ಪ್ರದರ್ಶನದ ಉಸ್ತುವಾರಿ ಹೊತ್ತ ಶಿವರಂಜನಿ ಎಂಬಾಕೆ ಕೆಳಗಿನ ಚೀಟಿಯನ್ನು ಓದಿ ಹೇಳಿದಳು: “ಅಪರಿಚಿತ ಕುರಿಗಾಹಿ.”

“ಇದು ನಮ್ಮಜ್ಜನೂ ಇರ್ಬೋದು,” ಎಂದು ಗಾದ್ರಪ್ಪ ನಕ್ಕ.

ಜುಂಜಣ್ಣನ ಎದೆ ಮಾತ್ರ ಉಬ್ಬಿತ್ತು. ಅವನ ಎಡಗಾಲಿಗೆ ಹುಟ್ಟಿನಿಂದ ಆರು ಬೆರಳು. ಚಿತ್ರದ ಬರಿಗಾಲಲ್ಲೂ ಆರು! ಕಾಲನ್ನು ಮುಂದೆ ಚಾಚಬೇಕು, ಅಷ್ಟರಲ್ಲಿ ಗಾದ್ರಪ್ಪ ಚಿತ್ರಕ್ಕೆ ಮೂಗು ತಾಗಿಸಿ ಕೂಗಿದ:

“ಇದು ನಮ್ಮ ಕುರಿ ಕಣ್ರೋ! ಬಲಗಿವಿ ನೋಡ್ರಿ, ಎರಡು ಕಚ್ಚು. ನಮ್ಮಪ್ಪ ಕೊಯ್ದ ಗುರುತು. ಆ ವರ್ಷ ಹಬ್ಬದ ಮುಂದೆ ಕಳೆದೋಗಿತ್ತು. ತೋಳ ತಿಂತು ಅಂತ ನಮ್ಮವ್ವ ಮೂರು ದಿನ ಅತ್ತಿದ್ಲು. ಯಾವನಮ್ಮ ಈ ಕಳ್ಳ?”

ಕುರಿಯವರಲ್ಲಿ ಒಂದೊಂದು ಮನೆಗೆ ಒಂದೊಂದು ಕಿವಿಗುರುತು. ಅದರ ಮೇಲೆ ವಾದವಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಲೋಕರೂಢಿ. ಜುಂಜಣ್ಣ ಎಡಗಾಲನ್ನು ಮೆಲ್ಲಗೆ ಬಲಗಾಲಿನ ಹಿಂದೆ ಸರಿಸಿದ.

“ಅಜ್ಜ, ಇವರ ಹೆಸರು ಗೊತ್ತಾದರೆ ಇವತ್ತೇ ಚೀಟಿ ಬದಲಿಸ್ತೀನಿ. ಗೊತ್ತಾಗದಿದ್ದರೆ ಅಪರಿಚಿತ ಅಂತಲೇ ಇರುತ್ತೆ,” ಎಂದಳು ಶಿವರಂಜನಿ.

ಪಾಪ, ಜುಂಜಣ್ಣನ ಸಂಕಟ ಶತ್ರುವಿಗೂ ಬೇಡ. ಸುಮ್ಮನಿದ್ದರೆ ಮಾನ ಉಳಿಯುತ್ತದೆ, ಫೋಟೋ ಹೋಗುತ್ತದೆ. ಬಾಯಿಬಿಟ್ಟರೆ ಫೋಟೋ ಉಳಿಯುತ್ತದೆ, ಮಾನ ಹೋಗುತ್ತದೆ. ಚೀಟಿಯನ್ನೊಮ್ಮೆ, ಗಾದ್ರಪ್ಪನನ್ನೊಮ್ಮೆ ನೋಡಿದ.

“ಇವ್ರಲ್ಲ ಬಿಡವ್ವ,” ಎಂದಳು ಕರಿಯಕ್ಕ ನಿಟ್ಟುಸಿರು ಬಿಟ್ಟು. “ನಲವತ್ತು ವರ್ಷ ಬರೀ ಬುರುಡೆ.”

ಅದೊಂದನ್ನು ತಡೆಯಲಾಗಲಿಲ್ಲ. ಜುಂಜಣ್ಣ ಚಪ್ಪಲಿ ಕಳಚಿ, ಗೋಡೆ ಹಿಡಿದು, ಎಡಗಾಲನ್ನು ಚಿತ್ರದ ಪಕ್ಕಕ್ಕೇ ಎತ್ತಿ ಹಿಡಿದ.

“ಎಣ್ಸಮ್ಮ! ಅಲ್ಲೂ ಆರು, ಇಲ್ಲೂ ಆರು. ನಾನೇ ಅದು! ಕುರಿ ಇವಂದೇ. ತಾನಾಗೇ ನಮ್ಮ ಹಿಂಡಿಗೆ ಬಂದಿತ್ತು. ಫೋಟೋ ಮುಗಿದ್ಮೇಲೆ ಹೊಡ್ಕೊಂಡೋಗಿ ಬಿಡಾನ ಅಂದ್ಕೊಂಡೆ. ಅಷ್ಟ್ರಲ್ಲಿ ಹಬ್ಬ ಬಂತು.”

“ಕೊಯ್ಕೊಂಡು ತಿಂದ್ಯೇನಲೇ?”

“ನೀನೂ ಉಂಡಿದ್ದೆ ಕಣ್ಲೇ. ಎರಡು ಸಲ ಹಾಕಿಸ್ಕೊಂಡೆ.”

ಆ ಸಾರಿನ ರುಚಿ ನೆನಪಾಯಿತೋ ಏನೋ, ಗಾದ್ರಪ್ಪನ ಸಿಟ್ಟು ಅರ್ಧಕ್ಕೇ ನಿಂತಿತು. ಕರಿಯಕ್ಕ ಸೆರಗು ಬಾಯಿಗೊತ್ತಿ ನೆಲದ ಮೇಲೇ ಕೂತು ನಕ್ಕಳು. ಗಂಡನ ಮಾತು ನಿಜವಾಗಿತ್ತಲ್ಲ, ಅವಳಿಗೆ ಹೆಮ್ಮೆಯೂ ಆಗಿತ್ತು.

ಶಿವರಂಜನಿ ಹೊಸ ಚೀಟಿ ತೆಗೆದಳು. ಗಾದ್ರಪ್ಪ ಗಂಟಲು ಸರಿಮಾಡಿಕೊಂಡು, “ಬರಿಯಮ್ಮ: ಜುಂಜಣ್ಣ, ಗಾದ್ರಪ್ಪನ ಕುರಿ ಜೊತೆ,” ಎಂದ.

ಅವಳು ಜುಂಜಣ್ಣನ ಮುಖ ನೋಡಿದಳು. ಇನ್ನು ಓದು ಬಂದವರೆಲ್ಲ ಕುರಿ ಯಾರದೆಂಬುದನ್ನೂ ಓದುತ್ತಾರೆ. ಜುಂಜಣ್ಣ ಸ್ವಲ್ಪ ಯೋಚಿಸಿದ.

“ನನ್ನ ಹೆಸರು ಮೊದ್ಲು ಬರ್ತೈತೇನಮ್ಮ?”

“ಹೂಂ ಅಜ್ಜ, ಮೊದಲು.”

“ಹಂಗಾದ್ರೆ ಬರಿ,” ಎಂದ ಜುಂಜಣ್ಣ.