ಕೆಂಡ ಹತ್ತುವವರೆಗೆ

ಇಸ್ತ್ರಿಯಮ್ಮ ಕಥೆ ಬರೀತಾಳೆ ಅಂದ್ರೆ ಬೀದಿಯಲ್ಲಿ ಯಾರೂ ನಂಬಲ್ಲ. ನಂಬದಿದ್ರೆ ಅವಳಿಗೇನು ನಷ್ಟ? ಹನ್ನೊಂದು ವರ್ಷ ಒಂದೇ ಒಂದು ದಿನ ತಪ್ಪಿಸದೆ ಬರೆದವಳು, ಮಹಾತಾಯಿ! ಮಗನ ಮದುವೆಯ ದಿನವೂ ಮೂರು ಸಾಲು. ಜ್ವರ ಬಂದು ಕೈ ನಡುಗುತ್ತಿದ್ದ ದಿನ ಒಂದೂವರೆ ಸಾಲು. ಅದನ್ನು ಓದೋಕೆ ಇವತ್ತಿಗೂ ಅವಳಿಂದಲೇ ಆಗಲ್ಲ.

ಅಂಗಡಿ ಇರೋದು ಒಂದು ಕಟ್ಟಡದ ಮೆಟ್ಟಿಲ ಕೆಳಗೆ. ಗಂಡ ಹೆಂಡತಿ ಇಬ್ಬರೂ ಒಳಗೆ ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಬೆಳಿಗ್ಗೆ ಆರೂವರೆಗೆ ಅವಳು ಇಸ್ತ್ರಿ ಪೆಟ್ಟಿಗೆಗೆ ಇದ್ದಿಲು ತುಂಬಿ ಬೆಂಕಿ ಹಚ್ಚುತ್ತಾಳೆ. ಇದ್ದಿಲು ಕೆಂಡವಾಗೋಕೆ ಇಪ್ಪತ್ತು ನಿಮಿಷ ಬೇಕು. ಆ ಹೊತ್ತಲ್ಲಿ ಯಾರ ಅಂಗಿ ಬಂದರೂ ಮಾಡೋಕೇನೂ ಇಲ್ಲ. ಹಳೇ ಕ್ಯಾಲೆಂಡರಿನ ಹಾಳೆ ತಿರುಗಿಸಿ, ಬಟ್ಟೆ ಗಂಟಿನ ಮೇಲೆ ಕೂತು ಬರೆಯುತ್ತಾಳೆ. ಕೆಂಡ ಹತ್ತಿತೋ, ಪೆನ್ನಿಗೆ ಮುಚ್ಚಳ. ಸಾಲು ಅರ್ಧದಲ್ಲಿದ್ದರೂ ಸರಿ, ಅಲ್ಲಿಗೇ ನಿಲ್ಲಿಸುತ್ತಾಳೆ. "ಪೂರ್ತಿ ಮಾಡಿಬಿಟ್ರೆ ನಾಳೆ ಎಲ್ಲಿಂದ ಹಿಡೀಲಿ?" ಅನ್ನೋದು ಅವಳ ವಾದ.

ಬರೆದದ್ದನ್ನು ಅಂಗಿ ಉಜ್ಜುತ್ತಾ ಗಂಡನಿಗೆ ಹೇಳುತ್ತಾಳೆ. ಅವನಿಗೆ ಓದು ಅಷ್ಟಕ್ಕಷ್ಟೆ. ಬಟ್ಟೆ ಮಡಚುತ್ತಾ "ಶುರುವಾಯ್ತಪ್ಪ ಇವಳ ಪುರಾಣ" ಅಂತ ಗೊಣಗುತ್ತಾನೆ. ನಡುವೆ ಗಿರಾಕಿ ಬಂದರೆ ಎರಡೇ ಮಾತಲ್ಲಿ ಸಾಗಹಾಕಿ ಬಂದು "ಹೂಂ, ಆಮೇಲೆ?" ಅನ್ನೋನೂ ಅವನೇ. ಅವನದು ಒಂದೇ ಕಾಟ. ಅವಸರದ ಮನುಷ್ಯ, ಕೆಂಡ ಬೇಗ ಹತ್ತಲಿ ಅಂತ ರಟ್ಟಿನ ತುಂಡು ಹಿಡಿದು ಬೀಸೋಕೆ ಕೂರುತ್ತಾನೆ.

"ರೀ, ಆ ರಟ್ಟು ಕೆಳಗಿಡ್ರೀ! ಹತ್ತೋ ಹೊತ್ತಿಗೆ ಹತ್ತುತ್ತೆ."

"ಗಿರಾಕಿಗಳು ತಿನ್ನೋದು ನನ್ನ ತಲೆ, ನಿನ್ನದಲ್ಲ!"

ಈ ಜಗಳಕ್ಕೂ ಹನ್ನೊಂದು ವರ್ಷ.

ಈಗ ಅವಳು ಬರೀತಿದ್ದದ್ದು ಒಬ್ಬ ದೋಣಿಯವಳ ಕಥೆ. ಹೊಳೆ ತುಂಬಿ ಬಂದಿದೆ, ದೋಣಿಯಲ್ಲಿ ಒಬ್ಬ ತುಂಬು ಬಸುರಿ, ದೋಣಿ ನಡೆಸೋ ಹುಟ್ಟು ಬೇರೆ ಮುರಿದಿದೆ. ಹೋಗಿ ಹೋಗಿ ಇಂಥ ಹೊತ್ತಲ್ಲೇ ಮಗ ಕರೆಂಟ್ ಇಸ್ತ್ರಿ ಪೆಟ್ಟಿಗೆ ತಂದುಕೊಟ್ಟ. "ಇನ್ನೆಷ್ಟು ದಿನ ಅಂತ ಮಸಿ ಮೆತ್ಕೋತೀಯಮ್ಮ? ಇದು ಎರಡೇ ನಿಮಿಷಕ್ಕೆ ಕಾಯುತ್ತೆ ನೋಡು." ಒಳ್ಳೇ ಮಗ, ಅದರಲ್ಲಿ ಎರಡು ಮಾತಿಲ್ಲ. ಅವಳೂ ಹಿಗ್ಗಿದಳು. ಹಳೇ ಪೆಟ್ಟಿಗೆ ಬೆಂಚಿನ ಕೆಳಗೆ ಸೇರಿತು.

ಮರುದಿನ ಹಾಳೆ ತಿರುಗಿಸಿ, ಪೆನ್ನಿನ ಮುಚ್ಚಳ ತೆಗೆಯೋಷ್ಟರಲ್ಲಿ ಹೊಸ ಪೆಟ್ಟಿಗೆ ಬಿಸಿಯಾಗಿತ್ತು. ಬಿಸಿ ಪೆಟ್ಟಿಗೆ ಎದುರಿಗಿಟ್ಟುಕೊಂಡು ಕೂರೋ ಜಾಯಮಾನ ಅವಳದಲ್ಲ. ಎದ್ದಳು. ಮಧ್ಯಾಹ್ನ ಬರೀತೀನಿ ಅಂದಳು. ಮಧ್ಯಾಹ್ನ ಒಂದು ಹೊರೆ ಹಾಸಿಗೆ ಹೊದಿಕೆ ಬಂತು. ಸಂಜೆ ಅಂದಳು, ಸಂಜೆ ಸೊಂಟ ಕೇಳಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ ಒಂದು ದಿನ ಖಾಲಿ ಹೋಯಿತು. ಆಮೇಲೆ ಎರಡು, ಮೂರು, ಒಂಬತ್ತು. ಒಂದು ದಿನ ಇಪ್ಪತ್ತು ನಿಮಿಷಕ್ಕೆ ಅಲಾರಾಂ ಇಟ್ಟೂ ನೋಡಿದಳು. ಅದು ಯಾವಾಗ ಬಡಿದುಕೊಳ್ಳುತ್ತೋ ಅಂತ ಅದರ ಮುಖವನ್ನೇ ನೋಡುತ್ತಾ ಕೂತಳೇ ಹೊರತು ಒಂದಕ್ಷರ ಇಳಿಯಲಿಲ್ಲ.

ಗಂಡನಿಗೆ ಬಟ್ಟೆ ಮಡಚೋದೇ ಬೇಜಾರಾಗಿ ಹೋಯಿತು. ಅಂಗಡಿಯಲ್ಲಿ ಮಾತೇ ಇಲ್ಲ.

"ಆ ದೋಣಿ ಏನಾಯ್ತೇ?"

"ಅಲ್ಲೇ ಇದೆ, ಹೊಳೆ ಮಧ್ಯೆ."

"ಹಾಗೇ ಬಿಟ್ರೆ ಹೇಗೆ? ಪಾಪ, ಅವಳಿಗೆ ದಿನ ತುಂಬಿದೆಯಲ್ಲೇ!"

"ನನ್ನ ಕೈಲಿ ಇನ್ನಾಗಲ್ಲ ಬಿಡ್ರೀ. ಬರೆದಿದ್ದು ಸಾಕು. ಆ ಖಾಲಿ ಹಾಳೆಗಳನ್ನ ಅಂಗಿ ಸುತ್ತೋಕೆ ತಗೊಳ್ಳಿ."

ಪುರಾಣ ಪುರಾಣ ಅಂತ ಹಂಗಿಸಿದವನು ಆ ಹಾಳೆಗಳನ್ನು ಮುಟ್ಟಲಿಲ್ಲ. ಈ ಗೂಡಿನಂಥ ಅಂಗಡಿಯಲ್ಲಿ ಕೂತೇ ತನಗೆ ಹೊಳೆ, ಊರು, ಜನ ಎಲ್ಲ ತೋರಿಸಿದವಳು. ತಾನು ಒಂದು ದಿನವಾದರೂ "ಚೆನ್ನಾಗಿದೆ ಕಣೇ" ಅಂದಿದ್ದುಂಟೇ? ಇಲ್ಲವೇ ಇಲ್ಲ.

ಹತ್ತನೇ ಬೆಳಿಗ್ಗೆ ಅವಳು ಬರೋಷ್ಟರಲ್ಲಿ ಅಂಗಡಿ ತುಂಬ ಹೊಗೆ. ಹಳೇ ಪೆಟ್ಟಿಗೆ ಬೆಂಚಿನ ಮೇಲಿತ್ತು. ತುಂಬ ಇದ್ದಿಲು, ಆಗ ತಾನೇ ಕಿಡಿ ಹಿಡಿದಿತ್ತು.

"ಇದೇನ್ರೀ ಇದು?"

"ಕರೆಂಟ್ ಹೋಗಿದೆ," ಅಂದ ಗಂಡ.

ಅವಳು ತಲೆ ಎತ್ತಿದಳು. ಅವನ ನೆತ್ತಿಯ ಮೇಲೇ ಬಲ್ಬು ಉರಿಯುತ್ತಿತ್ತು. ಅವನೂ ನೋಡಿದ. ಆದರೂ ಆಸಾಮಿ ಜಗ್ಗಲಿಲ್ಲ. "ಹೋಗಿದೆ ಅಂದೆನಲ್ಲ!" ಅಂತ ಬಟ್ಟೆ ರಾಶಿಯ ಕಡೆ ತಿರುಗಿ ಕೂತುಬಿಟ್ಟ.

ಅವಳು ಗಂಟಿನ ಮೇಲೆ ಕೂತು ಹಾಳೆ ತಿರುಗಿಸಿದಳು. ಅವನು ಬಟ್ಟೆ ಮಡಚೋದು ಬಿಟ್ಟು ಕಿವಿ ಅತ್ತಲೇ ಇಟ್ಟಿದ್ದ. ಕೊನೆಗೆ ಪೆನ್ನು ಕಾಗದದ ಮೇಲೆ ಕರಕರ ಅಂದಿತು.

ಅಷ್ಟರಲ್ಲಿ ಬಾಗಿಲಲ್ಲಿ ಗಿರಾಕಿ ಹಾಜರ್. "ಅಂಗಿ ಆಯ್ತೇನಪ್ಪಾ? ಆಫೀಸಿಗೆ ಹೊತ್ತಾಯ್ತು!"

"ಕೆಂಡ ಇನ್ನೂ ಹತ್ತಿಲ್ಲ ಸ್ವಾಮಿ."

"ಸ್ವಲ್ಪ ಗಾಳಿ ಬೀಸಬಾರದೇನಯ್ಯಾ?"

"ಬೀಸೋ ರಟ್ಟು ಎಲ್ಲೋ ಕಳೆದುಹೋಗಿದೆ, ಹುಡುಕ್ತಾ ಇದ್ದೀನಿ," ಅಂದ ಗಂಡ, ಆ ರಟ್ಟಿನ ಮೇಲೇ ಗಟ್ಟಿಯಾಗಿ ಕೂತುಕೊಂಡು.