ಮಾಣಿಕಪ್ಪ ಮಾಸ್ತರರ ಬಣ್ಣದ ಪರೀಕ್ಷೆ

ಟಿವಿ ಅಂಗಡಿಯೊಳಗೆ ಕಾಲಿಟ್ಟ ಕೂಡಲೇ ಮಾಣಿಕಪ್ಪ ಮಾಸ್ತರರು ಅಂಗಿಯ ಜೇಬಿನಿಂದ ಒಂದು ಬಿದರಿ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಅಂಗೈ ಅಗಲದ ಮುಚ್ಚಳ. ಅಂಚಿಗೆ ಬೆಳ್ಳಿಯ ಬಳ್ಳಿ, ನಡುವೆಲ್ಲ ಕಪ್ಪು. ಅದನ್ನು ಧೋತರದ ಚುಂಗಿನಿಂದ ಒರೆಸಿ, ಹಚ್ಚಿಟ್ಟ ಟಿವಿಯ ಪಕ್ಕಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಅಂಗಡಿಯವನು ಕೋಟಿಗಟ್ಟಲೆ ಬಣ್ಣಗಳ ಬಗ್ಗೆ ಹೇಳುತ್ತಿದ್ದರೂ ಅವರಿಗೆ ಬೇಕಾಗಿದ್ದದ್ದು ಒಂದೇ ಬಣ್ಣ.

"ಕಪ್ಪು ಅಂದ್ರ ಇದು ನೋಡ್ರಿ," ಎಂದು ಮುಚ್ಚಳ ತೋರಿಸುತ್ತಿದ್ದರು. "ನಿಮ್ಮ ಟಿವ್ಯಾಗ ಇರೂದು ಕಪ್ಪಲ್ಲ, ಒಲಿ ಬೂದಿ. ಕಪ್ಪೇ ಸುಳ್ಳ ಹೇಳಿದ ಮ್ಯಾಲ ಉಳದ ಬಣ್ಣ ಖರೇ ಹ್ಯಾಂಗ ಹೇಳ್ತಾವ?"

ಮಾಸ್ತರರು ಭಾಲ್ಕಿಯಲ್ಲಿ ನಮ್ಮ ಓಣಿಯವರೇ. ಮೂವತ್ತು ವರ್ಷ ಶಾಲೆಯಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ನಾನೂ ಅವರ ವಿದ್ಯಾರ್ಥಿನಿ. ಐದನೇ ಇಯತ್ತೆಯಲ್ಲಿ ನಾನು ಹೊಲದ ಚಿತ್ರ ಬರೆದು ಹಸಿರು ಬಳಿದದ್ದನ್ನು ನೋಡಿ, ನನ್ನನ್ನು ಕೈಹಿಡಿದು ಶಾಲೆಯ ಹಿಂದಿನ ಕಿಟಕಿಗೆ ಕರೆದೊಯ್ದಿದ್ದರು. "ತೊಗರಿ ಹಸಿರು ಬ್ಯಾರೆ, ಜೋಳದ ಹಸಿರು ಬ್ಯಾರೆ. ಜೋಳ ನಗತಿರ್ತದ, ತೊಗರಿ ಸಿಟ್ಟಿಲೆ ನಿಂತಿರ್ತದ. ನೀ ಬಡದಿದ್ದು ಬಾಗಲಕ್ಕ ಹಚ್ಚೂ ಹಸಿರು, ಸುವರ್ಣಾ," ಎಂದಿದ್ದರು. ಆಗ ಅತ್ತಿದ್ದೆ. ಇವತ್ತಿಗೂ ಬಸ್ಸಿನಲ್ಲಿ ಹೋಗುವಾಗ ಯಾವ ಹೊಲ ಯಾವುದೆಂದು ದೂರದಿಂದಲೇ ಹೇಳಬಲ್ಲೆ.

ಅವರು ಶಾಲೆಯಲ್ಲಿದ್ದಷ್ಟು ದಿನ ಚಿತ್ರಕಲೆಯನ್ನು ಒಂದು ವಿಷಯವೆಂದು ನಮ್ಮ ಊರಿನವರು ಎಣಿಸಿದ್ದೇ ಇಲ್ಲ. ಪರೀಕ್ಷೆ ಹತ್ತಿರ ಬಂದರೆ ಅವರ ಪಿರಿಯಡ್ಡನ್ನು ಗಣಿತದವರು ತೆಗೆದುಕೊಳ್ಳುತ್ತಿದ್ದರು. ಆದರೆ ಡಬ್ಬಾ ಟಿವಿಗಳು ಹೋಗಿ ಗೋಡೆಗೆ ಅಂಟುವ ಟಿವಿಗಳು ಬಂದ ಮೇಲೆ ಊರಿಗೆ ಒಮ್ಮೆಲೇ ಬಣ್ಣ ಬಲ್ಲವರು ಬೇಕಾದರು. ಮೊದಲು ತಹಶೀಲ ಕಚೇರಿಯ ಹೆಡ್ ಕ್ಲಾರ್ಕ್ ಬಂದು ಮಾಸ್ತರರನ್ನು ಬೀದರಿಗೆ ಕರೆದುಕೊಂಡು ಹೋದರು. ನಾಲ್ಕು ಸಲ ಹೋಗಿ, ನಾಲ್ಕು ಸಲವೂ ಬರಿಗೈಲಿ ಬಂದು, ಐದನೇ ಸಲಕ್ಕೆ ಟಿವಿ ತಂದರು. ಅಷ್ಟು ಕಷ್ಟಪಟ್ಟು ತಂದದ್ದು ಒಳ್ಳೆಯದೇ ಇರಬೇಕೆಂದು ಊರು ತೀರ್ಮಾನಿಸಿತು. ಅಲ್ಲಿಂದ ಮುಂದೆ ಮದುವೆಗೆ ಮುಹೂರ್ತ ಕೇಳಿದಂತೆ ಟಿವಿಗೆ ಮಾಸ್ತರರನ್ನು ಕೇಳುವುದು ರೂಢಿಯಾಯಿತು. ಪ್ರತಿಫಲವಾಗಿ ಅವರು ಒಂದು ಪ್ಲೇಟ್ ಮಿರ್ಚಿ ಭಜಿ, ಒಂದು ಕಡಕ್ ಚಹಾ ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಕನ್ನಡಕವನ್ನೂ ಮುಟ್ಟುತ್ತಿರಲಿಲ್ಲ. "ಗಾಜು ಅಡ್ಡ ಬಂದ್ರ ಬಣ್ಣ ಕೆಡತದ" ಎನ್ನುತ್ತಿದ್ದರು.

ಅವರ ಮನೆಯಲ್ಲಿ ಮಾತ್ರ ಹಳೆಯ ಡಬ್ಬಾ ಟಿವಿ. ಅದೂ ಕೆಟ್ಟು ನಿಂತು ವರ್ಷಗಳಾಗಿದ್ದವು. ಇಡೀ ಬೀದರಿನಲ್ಲಿ ಅವರ ಪರೀಕ್ಷೆಯಲ್ಲಿ ಫಸ್ಟ್ ಕ್ಲಾಸಿನಲ್ಲಿ ಪಾಸಾದ ಟಿವಿ ಒಂದೂ ಇರಲಿಲ್ಲ. ಊರವರಿಗೆ ಕೊಡಿಸಿದ್ದೆಲ್ಲ ಅವರ ಲೆಕ್ಕದಲ್ಲಿ ಥರ್ಡ್ ಕ್ಲಾಸಿನಲ್ಲಿ ತೇರ್ಗಡೆಯಾದವು. ಹೀಗಾಗಿ ಅವರ ಹೆಂಡತಿ ಸುಶೀಲಾ ಕಾಕು ಧಾರಾವಾಹಿ ನೋಡಲು ದಿನಾ ಸಂಜೆ ನಮ್ಮ ಮನೆಗೆ ಬರುತ್ತಿದ್ದರು. ಬಂದವರೇ ನಮ್ಮತ್ತೆಯ ಪಕ್ಕ ಕುಳಿತು, "ಊರ ಮಂದೀಗೆಲ್ಲಾ ಟಿವಿ ಆರಿಸಿ ಕೊಡ್ತಾರ. ನಾ ಮಾತ್ರ ಮಂದಿ ಮನಿ ತಿರಗಬೇಕು ನೋಡ್ರಿ ನನ್ನ ನಸೀಬ" ಎನ್ನುತ್ತಿದ್ದರು.

ನಮ್ಮ ಟಿವಿಯೂ ಒಂದು ದಿನ ಅರ್ಧ ಪರದೆಯಷ್ಟೇ ತೋರಿಸತೊಡಗಿತು. ಧಾರಾವಾಹಿಯಲ್ಲಿ ಅತ್ತೆ ಬೈಯುವುದು ಕಾಣುತ್ತಿತ್ತು, ಬೈಸಿಕೊಳ್ಳುವ ಸೊಸೆ ಕಾಣುತ್ತಿರಲಿಲ್ಲ. ನಮ್ಮತ್ತೆಗೆ ಇದರಿಂದ ದೊಡ್ಡ ತೊಂದರೆಯೇನೂ ಆಗಿರಲಿಲ್ಲ. ಆದರೆ ಕ್ರಿಕೆಟ್ಟಿನಲ್ಲಿ ಚೆಂಡು ಎಸೆಯುವವನಷ್ಟೇ ಕಂಡು ಹೊಡೆಯುವವನು ಕಾಣದಾದಾಗ ನನ್ನ ಗಂಡ ಹೊಸದು ತರೋಣವೆಂದರು. ನಮ್ಮತ್ತೆ ಒಂದೇ ಷರತ್ತು ಹಾಕಿದರು: "ಮಾಸ್ತರ್ ಬರಬೇಕು."

ಮರುದಿನ ಬೆಳಗಿನ ಬಸ್ಸಿಗೆ ನಾವು ಮೂವರು, ಮಾಸ್ತರರು ಬೀದರಿಗೆ ಹೋದೆವು. ಅಂಗಡಿಯ ಮಾಲೀಕ ಖಯ್ಯೂಮ್ ಸಾಹೇಬರು ಮಾಸ್ತರರನ್ನು ಕಂಡು, ತಪಾಸಣೆಗೆ ಬಂದ ಅಧಿಕಾರಿಯನ್ನು ಕಂಡವರ ಹಾಗೆ ಎದ್ದು ನಿಂತರು. ಗೋಡೆಯ ತುಂಬ ಟಿವಿಗಳು; ಎಲ್ಲದರಲ್ಲೂ ಒಂದೇ ಸಮುದ್ರ, ಒಂದೇ ಬಣ್ಣಬಣ್ಣದ ಮೀನು.

"ಇವ್ನ ಬಂದ್ ಮಾಡ್ರಿ," ಎಂದರು ಮಾಸ್ತರರು. "ಇವರ ಮನ್ಯಾಗ ಯಾರೂ ಮೀನ ನೋಡೂದಿಲ್ಲ. ಧಾರಾವಾಹಿ ನೋಡ್ತಾರ. ಅದನ್ನ ಹಚ್ರಿ."

ಸೇಲ್ಸ್‌ಮನ್ ಹಚ್ಚಿದ. ಹಚ್ಚುತ್ತ, ಇದು ಫೋರ್ ಕೆ, ಇದು ಹೊಸ ಪ್ಯಾನೆಲ್ ಎಂದು ಶುರು ಮಾಡಿದ.

"ಫೋರ್ ಕೆ ಅಂದ್ರ ಏನಪಾ?"

"ಅಂದ್ರ ಸರ್, ಈಗ ಎಯ್ಟ್ ಕೆ ಸುದಾ ಬಂದದರಿ."

"ನಾ ನಾಲ್ಕು ಕೇಳಿದ್ರ ನೀ ಎಂಟು ಹೇಳ್ತಿ. ಗಣಿತದ ಮಾಸ್ತರ್ ಆಗಬೇಕಿತ್ತು ನೀನು."

ಒಂದು ತಾಸು ಪರೀಕ್ಷೆ ನಡೆಯಿತು. ಮುಚ್ಚಳ ಪ್ರತಿ ಟಿವಿಯ ಹತ್ತಿರವೂ ಹೋಯಿತು, ಪ್ರತಿಯೊಂದೂ ಬೂದಿಯಾಯಿತು. ನನ್ನ ಗಂಡ ಆಕಳಿಸತೊಡಗಿದ್ದರು. ಆಗ ಮಾಸ್ತರರು ಬಾಗಿಲಿಗೆ ಎದುರಾಗಿದ್ದ ಒಂದು ದೊಡ್ಡ ಟಿವಿಯ ಮುಂದೆ ನಿಂತುಬಿಟ್ಟರು. ಮುಚ್ಚಳ ಹಿಡಿದರು. ಇನ್ನೊಮ್ಮೆ ಹಿಡಿದರು.

"ಇದು," ಎಂದರು. "ಇದು ಕಪ್ಪು. ಖಯ್ಯೂಮ್ ಸಾಬ್, ಇಷ್ಟ ದಿನ ಇದನ್ನ ಎಲ್ಲಿ ಮುಚ್ಚಿಟ್ಟಿದ್ರಿ? ನೋಡಿಲ್ಲೆ ಸುವರ್ಣಾ, ಬಾಜಾರದಾಗ ಮಂದಿ ಹೊಂಟಾರ. ಎಷ್ಟ ಸಹಜ ನಡೀಲಿಕತ್ತಾರ ನೋಡು. ಒಂದ ಆಟೋ ಹೋತು. ಬಣ್ಣಕ್ಕ ಅಬ್ಬರ ಇಲ್ಲ."

ಆ ಟಿವಿ ಹಚ್ಚಿರಲೇ ಇಲ್ಲ. ಅದರ ಗಾಜಿನಲ್ಲಿ ಕಾಣುತ್ತಿದ್ದದ್ದು ನಮ್ಮ ಬೆನ್ನ ಹಿಂದಿನ ರಸ್ತೆ.

ಸೇಲ್ಸ್‌ಮನ್ ಏನೋ ಹೇಳಲು ಬಾಯಿ ತೆರೆದಾಗ ಖಯ್ಯೂಮ್ ಸಾಹೇಬರು ಅವನ ತೋಳು ಹಿಡಿದರು. ನಾನು ನನ್ನ ಗಂಡನನ್ನು ನೋಡಿದೆ, ಅವರು ನೆಲ ನೋಡಿದರು. ನನ್ನ ಮಾಸ್ತರರಿಗೆ ಕಣ್ಣು ಸರಿಯಾಗಿ ಕಾಣುತ್ತಿಲ್ಲ ಎಂಬುದು ಆ ಕ್ಷಣಕ್ಕೆ ಗೊತ್ತಾಯಿತು. ಎಂದಿನಿಂದ ಕಾಣುತ್ತಿಲ್ಲವೋ ಗೊತ್ತಾಗಲಿಲ್ಲ.

ನಮ್ಮತ್ತೆ ಸೆರಗು ಸರಿಮಾಡಿಕೊಂಡು ಮುಂದೆ ಬಂದರು. "ಮಾಸ್ತರ್ ಹೇಳಿದ್ಮ್ಯಾಲ ಮತ್ತೇನ ನೋಡೂದದ? ಇದನ್ನೇ ಕೊಡ್ರಿ."

ಹಾಗೆ ನಾವು ಒಮ್ಮೆಯೂ ಹಚ್ಚಿ ನೋಡದ ಟಿವಿಯೊಂದನ್ನು ಕೊಂಡೆವು. ತಿರುಗಿ ಬರುವಾಗ ಮಾಸ್ತರರು ಮುಂದಿನ ಸೀಟಿನಲ್ಲಿ ಕುಳಿತು ಗೆದ್ದವರ ಹಾಗೆ ಭಜಿ ತಿನ್ನುತ್ತಿದ್ದರು. ಹೀಗೇಕೆ ಮಾಡಿದಿರಿ ಎಂದು ನಮ್ಮತ್ತೆಯನ್ನು ಮೆಲ್ಲಗೆ ಕೇಳಿದೆ. "ಅಷ್ಟ ಮಂದ್ಯಾಗ ಅವರ ಮಾರಿ ಸಣ್ಣದಾಗೂದು ನೋಡ್ಲಿಕ್ಕ ನನ್ನ ಕೈಲೆ ಆಗಲಿಲ್ಲವಾ" ಎಂದರು.

ಮನೆಗೆ ಬಂದು ಹಚ್ಚಿದರೆ ಅದರಲ್ಲಿ ಎಲ್ಲರ ಮುಖವೂ ಕೆಂಪು, ಊಟದಲ್ಲಿ ಖಾರ ಹೆಚ್ಚಾದವರ ಹಾಗೆ. ಆದರೆ ನೋಡಲು ಬಂದ ಓಣಿಯವರು ಅದನ್ನು ಹೊಗಳಿದ್ದೇ ಹೊಗಳಿದ್ದು. ಹೆಡ್ ಕ್ಲಾರ್ಕ್ ಅಂತೂ ಹತ್ತು ನಿಮಿಷ ಕಣ್ಣು ಕಿರಿದು ಮಾಡಿ ನೋಡಿ, "ಕಪ್ಪು ನೋಡ್ರಿ, ಕಪ್ಪು" ಎಂದರು. ಆಗ ಪರದೆಯ ಮೇಲೆ ಕಪ್ಪು ಬಣ್ಣವೇ ಇರಲಿಲ್ಲ. ಅರಿಸಿನದ ಜಾಹೀರಾತು ಬರುತ್ತಿತ್ತು.

ನಾನು ಸುಶೀಲಾ ಕಾಕುವಿಗೆ ಹೇಳಿದೆ. ಅವರಿಗೆ ಆಶ್ಚರ್ಯವಾಗಲಿಲ್ಲ. "ಚಹಾಕ್ಕ ಎರಡ ಸರ್ತಿ ಉಪ್ಪ ಹಾಕ್ಯಾರವಾ. ನಾ ಹೇಳಿದ್ರ ಸಿಟ್ಟಿಗೇಳ್ತಾರ. ನಿನಗ ಕಲಿಸ್ಯಾರ, ನೀನೇ ಹೇಳು."

ಮಾರನೆಯ ದಿನ ಮಧ್ಯಾಹ್ನ ಅವರ ಕಟ್ಟೆಯ ಮೇಲೆ ಕುಳಿತು ಹೇಳಿದೆ. ಹೇಗೆ ಸುತ್ತಿ ಬಳಸಬೇಕೆಂದು ತಿಳಿಯದೆ ನೆಟ್ಟಗೇ ಹೇಳಿಬಿಟ್ಟೆ.

ಮಾಸ್ತರರು ಜೇಬಿನ ಮುಚ್ಚಳ ಮುಟ್ಟಿ ನೋಡಿಕೊಂಡರು. "ಬಂದ್ ಇತ್ತಾ ಅದು?"

"ಹೌದ್ರಿ ಸರ್."

"ಮತ್ತ ನಿಮ್ಮತ್ತಿ ಯಾಕ ತಗೊಂಡಳು?"

"ನೀವು ಹೇಳಿದ್ರಿ ಅಂತ."

ಅಂಗೈಯಿಂದ ಎರಡೂ ಕಣ್ಣು ಒತ್ತಿಕೊಂಡರು. "ಯಾರರೆ ಒಬ್ಬರು ಬೈಬೇಕಿತ್ತು ನನಗ," ಎಂದರು. ಆಮೇಲೆ, "ಕಣ್ಣಿನ ದವಾಖಾನಿ ಎಷ್ಟಕ್ಕ ತೆಗೀತಾರ?" ಎಂದು ಕೇಳಿದರು.

ಪೊರೆ ತೆಗೆಸಿಕೊಂಡು ತಿಂಗಳಾದ ಮೇಲೆ ಮಾಸ್ತರರು ಕನ್ನಡಕ ಹಾಕಿಕೊಂಡು ಮೊದಲು ಬಂದದ್ದು ನಮ್ಮ ಮನೆಗೆ. ಟಿವಿ ನೋಡಿದರು. "ಅಯ್ಯ, ಎಲ್ಲರ ಮಾರೀನೂ ಇಟ್ಟಂಗಿ ಆಗ್ಯಾವಲ್ಲ" ಎಂದು ರಿಮೋಟ್ ತೆಗೆದುಕೊಂಡು ಎರಡು ತಾಸು ಕುಳಿತು ಬಣ್ಣ ಸರಿಪಡಿಸಿದರು. ನಿಜಕ್ಕೂ ಚೆನ್ನಾಯಿತು. ಗಿಡ ಗಿಡದ ಹಾಗೆ, ಗೋಡೆ ಗೋಡೆಯ ಹಾಗೆ ಕಂಡಿತು. ನಮ್ಮತ್ತೆಗೆ ಮಾತ್ರ ಸಮಾಧಾನವಾಗಲಿಲ್ಲ.

"ಆ ಹುಡಗಿ ಬಿಳಚಿಕೊಂಡಾಳ್ರಿ ಮಾಸ್ತರ್, ಬ್ಯಾನಿ ಬಿದ್ದು ಎದ್ದವಳಂಗ."

"ಖರೇ ಬಣ್ಣ ಹಂಗೇ ಇರ್ತದವಾ."

"ಖರೇ ಬಣ್ಣ ದಿನಾ ಕನ್ನಡ್ಯಾಗ ನೋಡ್ತೀನಲ್ಲರಿ. ಟಿವ್ಯಾಗ ಯಾಕ ಬೇಕು?"

ಅವರು ಹೋದ ಮೇಲೆ ನಮ್ಮತ್ತೆ ನನ್ನಿಂದ ಮತ್ತೆ ಕೆಂಪು ಹೆಚ್ಚು ಮಾಡಿಸಿದರು.

ಮಾಸ್ತರರು ಅಷ್ಟಕ್ಕೇ ನಿಲ್ಲಲಿಲ್ಲ. ತಾವು ಟಿವಿ ಆರಿಸಿಕೊಟ್ಟ ಮನೆಗಳಿಗೆಲ್ಲ ಹೋಗಿ, "ನನ್ನದು ತಪ್ಪಾಗ್ಯದ, ನನಗ ಕಣ್ಣ ಕಾಣ್ತಿದ್ದಿಲ್ಲ" ಎಂದು ಹೇಳಿ, ಯಾವ ಟಿವಿಯಲ್ಲಿ ಏನು ದೋಷವೆಂದು ವಿವರಿಸಿ ಬಂದರು. ಇದನ್ನು ಯಾರೂ ಬಯಸಿರಲಿಲ್ಲ. ಅಡತಿ ಅಂಗಡಿಯ ಶೆಟ್ಟರ ಮನೆಯಲ್ಲಿ ಮೂರು ವರ್ಷ ಸುಖವಾಗಿ ನೋಡಿಕೊಂಡಿದ್ದ ಟಿವಿ ಅಂದಿನಿಂದ ಹಸಿರು ಕಾಣತೊಡಗಿತು; ಗಂಡ ಹೆಂಡತಿ ಮಾತು ಬಿಟ್ಟರು. ಹೆಡ್ ಕ್ಲಾರ್ಕ್ ಮಾಸ್ತರರನ್ನು ಬಾಗಿಲಿನಿಂದಲೇ ಕಳಿಸಿದರು. ಕೊನೆಗೆ, ಆಪರೇಷನ್ ಮಾಡಿಸಿಕೊಂಡು ಮಾಸ್ತರರ ಕಣ್ಣು ಕೆಟ್ಟಿತು ಎಂಬ ಮಾತು ಊರಲ್ಲಿ ಹಬ್ಬಿತು. ಕಾಣದಿದ್ದಾಗ ಸರದಿ ನಿಂತು ಕರೆದೊಯ್ಯುತ್ತಿದ್ದ ಊರು, ಕಣ್ಣು ಬಂದ ಮೇಲೆ ಒಂದು ಸಲವೂ ಕರೆಯಲಿಲ್ಲ.

ಮರುವರ್ಷ ಅವರ ಮಗಳಿಗೆ ಔರಾದ ದವಾಖಾನೆಗೆ ನರ್ಸ್ ಆಗಿ ವರ್ಗವಾಯಿತು. ಮೊಮ್ಮಗಳನ್ನು ನೋಡಿಕೊಳ್ಳಲು ಮಾಸ್ತರರೂ ಕಾಕುವೂ ಅಲ್ಲಿಗೇ ಹೋದರು. ಮದುವೆಯೊಂದಕ್ಕೆ ಔರಾದಿಗೆ ಹೋದಾಗ ಅವರ ಮನೆಗೆ ಹೋಗಿದ್ದೆ. ಗೋಡೆಯ ಮೇಲೆ ಭಾರಿ ಟಿವಿ. ಅದರೊಳಗಿನ ಸೀರೆಗಳು ಕಣ್ಣಿಗೆ ಚುಚ್ಚುತ್ತಿದ್ದವು.

"ಆಕಿ ತಂದಾಳ," ಎಂದರು ಮಾಸ್ತರರು, ಕಾಕುವಿನ ಕಡೆ ಕೈ ಮಾಡಿ. "ನನಗ ಕೇಳಲೇ ಇಲ್ಲ. ಅಂಗಡ್ಯಾಗ ಹೊಕ್ಕಳು, ಇದ ಕೊಡ್ರಿ ಅಂತ ಬಟ್ಟ ಮಾಡಿ ತೋರಿಸಿದಳು, ಮುಗೀತು."

"ಇವರಿಗೆ ಕೇಳಿದ್ದರ ಮೊಮ್ಮಗಳ ಲಗ್ನಕ್ಕ ಬರ್ತಿತ್ತು ಟಿವಿ," ಎಂದರು ಕಾಕು, ಪರದೆಯಿಂದ ಕಣ್ಣು ತೆಗೆಯದೆ.

ಮಾಸ್ತರರು ಮತ್ತೆ ಚಿತ್ರ ಬರೆಯಲು ಶುರು ಮಾಡಿದ್ದರು. ಠಾಣಾ ಕುಶನೂರಿನ ದಾರಿಯ ಹೊಲಗಳು, ಮೊಮ್ಮಗಳ ಕೈಕಾಲು, ಟಿವಿ ನೋಡುತ್ತಿರುವ ಕಾಕು. ಕಾಕುವಿನದೇ ಹದಿನೈದು ಚಿತ್ರಗಳಿದ್ದವು. "ಟಿವಿ ಮುಂದ ಕುಂತ್ರ ಅಲುಗ್ಯಾಡೂದಿಲ್ಲ ಆಕಿ. ಇಷ್ಟ ಛಲೋ ಮಾಡೆಲ್ ನನಗ ಜಿಂದಗ್ಯಾಗ ಸಿಕ್ಕಿದ್ದಿಲ್ಲ," ಎಂದು ನಕ್ಕರು. ಬಸ್ ನಿಲ್ದಾಣದ ತನಕ ಬಂದು, ನನಗಿಂತ ಮೊದಲೇ ಬಸ್ಸಿನ ಬೋರ್ಡು ಓದಿ ಹತ್ತಿಸಿದರು. ಅದೇ ಕೊನೆಯ ಭೇಟಿ.

ಮಳೆಗಾಲ ಮುಗಿಯುವಷ್ಟರಲ್ಲಿ ಸುದ್ದಿ ಬಂತು. ಎದೆನೋವು ಎಂದು ಕುಳಿತವರು ಏಳಲಿಲ್ಲವಂತೆ. ನಾನು ಐದನೆಯ ದಿನ ಹೋದೆ. ಪಡಸಾಲೆಯಲ್ಲಿ ಹತ್ತು ಹನ್ನೆರಡು ಜನ ಗೋಡೆಗೆ ಆತು ಕುಳಿತಿದ್ದರು. ಯಾರಿಗೂ ಏನು ಮಾತಾಡಬೇಕೆಂದು ತಿಳಿಯದೆ ಎಲ್ಲರೂ ತಂತಮ್ಮ ಕಾಲ ಬೆರಳು ನೋಡುತ್ತಿದ್ದರು. ಟಿವಿಯ ಮೇಲೆ ಯಾರೋ ಒಂದು ಬಿಳಿ ಪಂಜೆ ಹೊದಿಸಿದ್ದರು. ನಾನು ಕಾಕುವಿನ ಪಕ್ಕ ಕುಳಿತೆ. ಅವರು ನನ್ನ ಕೈ ಹಿಡಿದುಕೊಂಡರು.

"ಸುವರ್ಣಾ, ಆ ಅರಿವಿ ತೆಗದು ಟಿವಿ ಹಚ್ಚವಾ," ಎಂದರು.

ಮಗಳು ತಲೆ ಎತ್ತಿದಳು. "ಅವ್ವಾ, ಮಂದಿ ಏನಂತಾರ?"

"ಮಂದಿ ಏನರೆ ಅಂದ್ರ ಛಲೋನೇ ಆಯ್ತಲ್ಲ," ಎಂದರು ಕಾಕು. "ಮುಂಜಾನಿಂದ ಯಾರೂ ಒಂದ ಮಾತ ಆಡವಲ್ಲರು. ಮನ್ಯಾಗ ಯಾರದರೆ ಒಂದ ಆವಾಜ ಇರ್ಲಿ."

ನಾನು ಎದ್ದು ಪಂಜೆ ತೆಗೆದೆ.